ವೀಣೆ-ಪಿಟೀಲಿನ ಪತ್ರಿಕೆಗೆ ಒಬ್ಬರು ಓದುಗರು ಬೇಕಾಗಿದ್ದಾರೆ

ಪತ್ರಿಕೆ ನಡೆಸುವವರಿಗೆ ಓದುಗರ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಿರಬೇಕಂತೆ. ಗೊತ್ತಿಲ್ಲದಷ್ಟು ದಿನ ನಾನು ನೆಮ್ಮದಿಯಾಗಿದ್ದೆ. ಕೇಳಲು ಹೊರಟ ಮೇಲೆ ಎದೆ ಝಲ್ಲೆನ್ನುವುದು ನಿಂತಿಲ್ಲ.

ದೊಡ್ಡಬಳ್ಳಾಪುರದಿಂದ ಹೊರಡುವ ನಮ್ಮ ಪತ್ರಿಕೆ ವೀಣೆ, ಪಿಟೀಲು ನುಡಿಸುವವರಿಗೆಂದೇ ಇರುವುದು. ಸಂಪಾದಕರು ನನಗೆ ವೀಣೆ ಕಲಿಸಿದ ಮೇಷ್ಟ್ರು. ಮಿಕ್ಕಿದ್ದೆಲ್ಲ ನನ್ನ ಪಾಲು: ಪ್ರೂಫು, ಅಂಚೆ, ಮೇಷ್ಟ್ರ ಮುನಿಸು. ವೀಣೆಗೆ ಶ್ರುತಿ ಮಾಡುವುದರ ಬಗ್ಗೆ ಅವರು ವರ್ಷಗಟ್ಟಲೆಯಿಂದ ಧಾರಾವಾಹಿ ಬರೆಯುತ್ತಿದ್ದಾರೆ. ಚೆನ್ನಾಗಿದೆ ಅಂತಲೂ ಯಾರೂ ಹೇಳಿಲ್ಲ, ಸಾಕು ಅಂತಲೂ ಹೇಳಿಲ್ಲ. ಕೊನೆಗೆ ಮೇಷ್ಟ್ರು ಅಂದುಬಿಟ್ಟರು: "ಓದುಗರ ಸಭೆ ಕರೀತೀನಮ್ಮಾ. ನಾನು ಬರೆದಿದ್ದನ್ನ ಪೂರ್ತಿ ಓದಿದೋರು ಒಬ್ಬರು ಎದ್ದು ನಿಂತರೂ ಸರಿ, ನಡೆಸ್ತೀನಿ. ಇಲ್ಲಾಂದ್ರೆ ಅವತ್ತೇ ಪತ್ರಿಕೆ ಬಾಗಿಲು ಹಾಕ್ತೀನಿ."

ಪತ್ರಿಕೆ ನಿಂತರೆ ಮೇಷ್ಟ್ರೂ ಮೂಲೆ ಸೇರುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಆ ಒಬ್ಬರನ್ನು ಹುಡುಕಲು ಸ್ಕೂಟರ್ ಹತ್ತಿದೆ.

ದೇವರ ಮನೆಯಲ್ಲಿ

ದೇವನಹಳ್ಳಿಯ ಗೃಹಿಣಿಯೊಬ್ಬರು ಚಂದಾ ತಪ್ಪಿಸಿದವರೇ ಅಲ್ಲ. ಪತ್ರಿಕೆ ಎಲ್ಲಿಟ್ಟಿದ್ದೀರಿ ಎಂದು ಕೇಳಿದ್ದಕ್ಕೆ ನೇರ ದೇವರ ಮನೆಗೆ ಕರೆದೊಯ್ದರು. ವೀಣೆಯ ಪಕ್ಕದಲ್ಲಿ ಮಣೆ, ಮಣೆಯ ಮೇಲೆ ನಮ್ಮ ಅಷ್ಟೂ ಸಂಚಿಕೆ. ಅರಿಶಿನ, ಕುಂಕುಮ, ಮೇಲೊಂದು ಸೇವಂತಿಗೆ. ಅಂಚೆಯ ಕವರು ಒಂದನ್ನೂ ಬಿಚ್ಚಿಲ್ಲ.

ಒಂದನ್ನಾದರೂ ಬಿಚ್ಚಬಾರದಿತ್ತೇ ಎಂದೆ. ಸರಸ್ವತಿಯನ್ನು ಕಾಲು ಚಾಚಿಕೊಂಡು, ಕಾಫಿ ಹೀರಿಕೊಂಡು ಓದಲಾಗುತ್ತದೆಯೇ ಎಂದು ಅವರೇ ನನ್ನನ್ನು ಕೇಳಿದರು. ಮಡಿಯಲ್ಲಿ ಓದೋಣವೆಂದರೆ ಆ ಹೊತ್ತಿಗೆ ಅಡುಗೆ ಕೆಲಸ ಬೀಳುತ್ತದಂತೆ. ಪತ್ರಿಕೆಯಲ್ಲಿ ಏನಾದರೂ ಬದಲಾಯಿಸಬೇಕಾ ಎಂದೆ.

"ಕವರು ಪ್ಲಾಸ್ಟಿಕ್‌ದು ಮಾಡ್ಬಿಡಿ ಮೇಡಂ. ಅಭಿಷೇಕದ ನೀರು ಸಿಡಿಯುತ್ತೆ."

ಯುಗಾದಿ ಎಣ್ಣೆ

ಅನುಗೊಂಡನಹಳ್ಳಿಯಲ್ಲಿ ಪಿಟೀಲು ಕಲಿಯುವ ಸೊಸೆಯೊಬ್ಬಳು ಅಳುಮೋರೆ ಹಾಕಿ ಕೂತಿದ್ದಳು. ಯುಗಾದಿ ಕಳೆದಾಗಿನಿಂದ ಪಿಟೀಲು ಮಾತೇ ಆಡುತ್ತಿಲ್ಲ, ನನ್ನ ಕೈಯೇ ಹೋಯಿತು ಅಕ್ಕಾ, ಅಂದಳು. ತಂತಿಯ ಮೇಲೆ ಎಳೆಯುವ ಕಮಾನು ಎತ್ತಿ ನೋಡಿದೆ. ಅದರ ಕೂದಲು ಬಾಚಿ ಹೆಣೆದ ಜಡೆಯಂತೆ ಮಿರಮಿರ ಮಿಂಚುತ್ತಿತ್ತು. ಮುಟ್ಟಿದರೆ ಕೊಬ್ಬರಿ ಎಣ್ಣೆ. ಕಮಾನಿಗೆ ಒಣ ರಾಳ ಉಜ್ಜುವುದು ಬಿಟ್ಟರೆ ಬೇರೇನೂ ಸೋಕಬಾರದು. ಜಿಡ್ಡು ತಾಗಿದರೆ ಸ್ವರವೇ ಇಲ್ಲ.

ಅಡುಗೆ ಮನೆಯಿಂದ ಅತ್ತೆ ಬಂದರು. ಮುಖದಲ್ಲಿ ಅಪರಾಧದ ಸುಳಿವೂ ಇಲ್ಲ.

"ಹಬ್ಬದ ದಿನ ಮನೇಲಿರೋರಿಗೆಲ್ಲ ಹಚ್ಚಿದೆ ಕಣಮ್ಮಾ. ಇದೂ ಕೂದ್ಲೇ, ಕುದುರೆ ಬಾಲದ್ದು ಅಂತ ಇವಳೇ ಹೇಳಿದ್ಳು. ಒಣಗಿ ಸೀಳು ಬಿಟ್ಟಿತ್ತು ಪಾಪ."

ಎಣ್ಣೆ ತೆಗೆಯುವುದು ಹೇಗೆಂದು ಮುಂದಿನ ಸಂಚಿಕೆಯಲ್ಲಿ ಹಾಕಿ ಎಂದು ಸೊಸೆ ಕೈಮುಗಿದಳು. ಕೂದಲು ಉದುರದ ಹಾಗೆ ಏನು ಹಚ್ಚಬೇಕು ಅನ್ನುವುದನ್ನೂ ಜೊತೆಗೇ ಹಾಕಿ ಎಂದರು ಅತ್ತೆ.

ಉಪ್ಪಿಟ್ಟು, ಕಾಫಿ, ಪಿಟೀಲು

ನೆಲಮಂಗಲದ ಕಡೆಯ ರೈತರೊಬ್ಬರು ತಮಗೆ ಬೇಕಾದ್ದನ್ನು ಮೊದಲೇ ಯೋಚಿಸಿಟ್ಟಿದ್ದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಪಿಟೀಲಿನಲ್ಲಿ ನುಡಿಸಲು ಒಂದು ಕೃತಿ, ಸ್ವರ ಹಾಕಿ ಅಚ್ಚು ಮಾಡಬೇಕು. ಕೇಳುವವರಿಗೆ ಕಷ್ಟ ಅನ್ನಿಸಬೇಕು, ನುಡಿಸುವವರಿಗೆ ಕಷ್ಟ ಇರಬಾರದು. ಉಪ್ಪಿಟ್ಟಿನಲ್ಲಿ ಶುರುವಾಗಿ ಕಾಫಿಗೆ ಮುಗಿಯಬೇಕು.

ಈ ಕಾಲದಲ್ಲೂ ಮಗಳನ್ನು ಹೀಗೆ ಕೂರಿಸಿ ಪರೀಕ್ಷೆ ಮಾಡಿಸುತ್ತೀರಾ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಅವರು ಕಕ್ಕಾಬಿಕ್ಕಿಯಾಗಿ ನನ್ನನ್ನೇ ನೋಡಿದರು.

"ಮಗಳಲ್ಲ ಮೇಡಂ, ನನ್ನ ಮಗ ನುಡಿಸೋದು. ತೋಟ ನೋಡ್ಕೊಂಡಿರೋ ಹುಡುಗನಿಗೆ ಈಗ ಯಾರು ಹೆಣ್ಣು ಕೊಡ್ತಾರೆ? ಹುಡುಗಿ 'ಸಾಕು' ಅಂದ ಕಡೆ ನಿಲ್ಲಿಸೋ ಹಂಗಿರ್ಲಿ, ಅಷ್ಟೇ."

ಎದ್ದು ನಿಂತವರು

ಆ ಒಬ್ಬ ಓದುಗ ಸಿಗದೆಯೇ ಸಭೆಯ ಭಾನುವಾರ ಬಂತು. ಮೇಷ್ಟ್ರು ಇಸ್ತ್ರಿ ಜುಬ್ಬ ತೊಟ್ಟು, ತಾವು ಬರೆದಿದ್ದನ್ನು ಪೂರ್ತಿ ಓದಿದವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಜನ ಫ್ಯಾನ್ ನೋಡಿದರು, ನೆಲ ನೋಡಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದರು. ನಾನು ಎಂದೂ ನೋಡಿರದ ಮುಖ, ನಿದ್ದೆಗೆಟ್ಟ ಕಣ್ಣು. ಒಂದಕ್ಷರ ಬಿಡದೆ ಓದಿದ್ದೇನೆ ಅಂದರು. ವೀಣೆಯ ಮೊದಲ ತಂತಿಯಾದ ಸಾರಣಿಯ ಬಗ್ಗೆ ಮೇಷ್ಟ್ರು ಏನೇನು ಬರೆದಿದ್ದರೋ ಎಲ್ಲ ಗಿಣಿಪಾಠದಂತೆ ಒಪ್ಪಿಸಿದರು. ಮೇಷ್ಟ್ರು ಕನ್ನಡಕ ಏರಿಸಿ, ಯಾವ ವಾದ್ಯ ನುಡಿಸುತ್ತೀರಿ ಎಂದು ಕೇಳಿದರು.

"ಯಾವ್ದೂ ಇಲ್ಲ ಸಾರ್. ನಮ್ಮ ಮಾಡಿ ಮನೆಗೆ ವೀಣೆ ಟೀಚರೊಬ್ರು ಬಾಡಿಗೆಗೆ ಬಂದವ್ರೆ. ಬಂದಾಗಿಂದ ಬರೀ ಶ್ರುತಿ ಮಾಡ್ತಾವ್ರೆ. ಇದೆಷ್ಟು ಕಷ್ಟ ಅಂತ ಓದಿ ತಿಳ್ಕೊಳ್ಳಿ ಅಂತ ನಿಮ್ಮ ಪತ್ರಿಕೆ ಕೊಟ್ರು. ಯಾವಾಗ ಮುಗಿಯುತ್ತೆ ಅಂತ ನೋಡೋಕೆ ಓದ್ತಿದ್ದೀನಿ. ಅವ್ರೂ ಮುಗಿಸ್ತಿಲ್ಲ, ನೀವೂ ಮುಗಿಸ್ತಿಲ್ಲ."

ಮುಗಿಯಿತು ಕಥೆ ಎಂದು ಕಣ್ಣು ಮುಚ್ಚಿಕೊಂಡೆ. ಬಿಟ್ಟು ನೋಡಿದರೆ ಮೇಷ್ಟ್ರು ಸಾಲು ದಾಟಿ ಹೋಗಿ ಅವರ ಎರಡೂ ಕೈ ಹಿಡಿದುಕೊಂಡಿದ್ದರು. ಮೇಷ್ಟ್ರ ಕಣ್ಣಲ್ಲಿ ನೀರು.

"ಇನ್ನೂ ಮೇಲಿನ ತಂತಿಗಳೇ ನಡೀತಿರೋದು ಸ್ವಾಮಿ. ಪಕ್ಕದ ತಾಳದ ತಂತಿಗಳಿಗೆ ನಾನು ಕೈಯೇ ಹಾಕಿಲ್ಲ. ನಿಮಗೋಸ್ಕರ ವಿವರವಾಗಿ ಬರೀತೀನಿ."

ಪತ್ರಿಕೆ ಉಳಿಯಿತು. ಆ ಮನುಷ್ಯ ಮಾತ್ರ ಕೈ ಬಿಡಿಸಿಕೊಂಡು, ಕೂರಲು ಹಿಂದೆ ಕುರ್ಚಿ ಎಲ್ಲಿದೆ ಎಂದು ತಡಕುತ್ತಿದ್ದರು.