ರೋಬೋ ಭಾಷಣದಲ್ಲಿ ನನ್ನ ಪಾತ್ರ

ಇನ್ನೊಬ್ಬರ ಮಾತಿನಲ್ಲಿ ತಪ್ಪು ಹುಡುಕುವುದು ಬಹಳ ಸುಖದ ಕೆಲಸ. ಅದನ್ನು ಮನೆಯಲ್ಲಿ ಮಾಡಿದರೆ ಜಗಳ ಎನ್ನುತ್ತಾರೆ, ಸಭೆಯಲ್ಲಿ ಮಾಡಿದರೆ ವಿಮರ್ಶೆ ಎಂದು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ಆಸೆಗೇ ನಾನು ಸರ್ವಜ್ಞನಗರದ ಭಾಷಣ ಕೂಟವೊಂದಕ್ಕೆ ಸೇರಿದ್ದು. ಭಾನುವಾರ ಬೆಳಿಗ್ಗೆ ಶಾಲೆಯೊಂದರಲ್ಲಿ, ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂರುತ್ತೇವೆ. ಒಬ್ಬರು ಭಾಷಣ ಮಾಡಬೇಕು, ಇನ್ನೊಬ್ಬರು ಎದ್ದು ಅದನ್ನು ವಿಮರ್ಶಿಸಬೇಕು. ಮೊದಲು ಹೊಗಳಿಕೆ, ನಡುವೆ ಒಂದೇ ಒಂದು ಸಲಹೆ, ಕೊನೆಗೆ ಮತ್ತೆ ಹೊಗಳಿಕೆ, ಇದು ನಿಯಮ. ಭಾಷಣದಲ್ಲಿ ಏನು ಹೇಳಿದರು ಎಂಬುದರ ತಂಟೆಗೆ ಹೋಗುವಂತಿಲ್ಲ, ಹೇಗೆ ಹೇಳಿದರು ಎಂಬುದಷ್ಟೇ ನಮ್ಮ ವ್ಯಾಪ್ತಿ. ಈ ಅನುಕೂಲದಿಂದಾಗಿ ನಾನು ನಿದ್ದೆ ಮಾಡಿಯೂ ಒಳ್ಳೆಯ ವಿಮರ್ಶಕ ಎನಿಸಿಕೊಂಡಿದ್ದೆ. ಒಮ್ಮೆ ಇಡೀ ಭಾಷಣವನ್ನು ಜೇಬಿನಲ್ಲಿ ಕೈ ಇಟ್ಟುಕೊಂಡೇ ಮುಗಿಸಿದವರಿಗೆ "ನಿಮ್ಮ ಕೈಸನ್ನೆ ಅದ್ಭುತ" ಎಂದುಬಿಟ್ಟೆ. ಅವರು ಎರಡೂ ಕೈ ಹೊರತೆಗೆದು ನಮಸ್ಕಾರ ಮಾಡಿದರು.

ಇಷ್ಟು ನೆಮ್ಮದಿಯಾಗಿದ್ದ ಕೂಟಕ್ಕೆ ನನ್ನ ಹೆಂಡತಿ ಸುಧಾ ಕೂಡ ಸೇರಿದಳು. ಅವಳ ಮೊದಲ ಭಾಷಣದ ವಿಷಯ "ರೋಬೋಗಳು ನಮಗೆ ಕಲಿಸುವ ಮನುಷ್ಯತ್ವ". ಚೀಟಿ ಎತ್ತಿದಾಗ ವಿಮರ್ಶಕನಾಗಿ ಬಂದದ್ದು ನನ್ನ ಹೆಸರು. ಭಾಷಣ ಚೆನ್ನಾಗಿದ್ದರೆ ಇಂದಿರಾನಗರದ ಸ್ಪರ್ಧೆಗೆ ಅವಳನ್ನೇ ಕಳಿಸುವುದೆಂದೂ ತೀರ್ಮಾನವಾಗಿತ್ತು. ಮನುಷ್ಯತ್ವ ಎಂದಮೇಲೆ ಕರುಣೆ, ಕಣ್ಣೀರು ಇತ್ಯಾದಿ ಬರುತ್ತವೆಂದು ನಾನು ಆರಾಮಾಗಿ ಕೂತೆ. ಬಂದದ್ದು ನಮ್ಮ ಮನೆಯ ಕಸ ಗುಡಿಸುವ ರೋಬೋ, ಅದರ ಹಿಂದೆಯೇ ನಾನು.

"ಅದು ಸೋಫಾಕ್ಕೆ ಡಿಕ್ಕಿ ಹೊಡೆದರೆ ಸೋಫಾನ ಬೈಯಲ್ಲ, ಸುಮ್ಮನೆ ತಿರುಗುತ್ತೆ" ಎಂದಳು ಸುಧಾ. "ನಮ್ಮ ಯಜಮಾನರು ಮೊನ್ನೆ ಟಿನ್ ಫ್ಯಾಕ್ಟರಿ ಹತ್ತಿರ ತಿರುವು ತಪ್ಪಿಸಿಕೊಂಡು ಸೀದಾ ಹೊಸಕೋಟೆ ದಾರಿ ಹಿಡಿದ್ರು. ಯಾರನ್ನಾದ್ರೂ ಕೇಳಿ ಅಂದ್ರೆ, ಈ ಕಡೆ ಗಾಳಿ ಚೆನ್ನಾಗಿರುತ್ತೆ ಅಂತಲೇ ಬಂದೆ ಅಂದ್ರು. ಬ್ಯಾಟರಿ ಇಳಿದ್ರೆ ರೋಬೋ ಬಾಯಿ ಬಿಟ್ಟು ಹೇಳುತ್ತೆ. ಇವರು ಹಸಿವಾದ್ರೆ ಅದನ್ನ ಹೇಳದೆ ಮಂಚ ಹಾಕಿರೋ ದಿಕ್ಕು ಸರಿ ಇಲ್ಲ ಅಂತಾರೆ. ತಪ್ಪು ಒಪ್ಪಿಕೊಳ್ಳದೇ ಇರೋದಕ್ಕೆ ಇಷ್ಟೊಂದು ಬುದ್ಧಿ ಬೇಕಾಗೋದು ಮನುಷ್ಯರಿಗೆ ಮಾತ್ರ."

ಕೊಠಡಿ ನಗುವಿನಿಂದ ತುಂಬಿಹೋಯಿತು. ಶಿವಾಜಿನಗರದಲ್ಲಿ ಬ್ಯಾಗಿನ ಅಂಗಡಿ ಇಟ್ಟಿರುವ ನಮ್ಮ ಅಧ್ಯಕ್ಷರು ಅನ್ವರ್ ಸಾಹೇಬರು ಕಣ್ಣೊರೆಸಿಕೊಂಡು "ಈಗ ವಿಮರ್ಶಕರು ಬರ್ಬೇಕು. ಸಾರ್, ನಿಯಮ ಗೊತ್ತಲ್ಲ, ವಿಷಯದ ಬಗ್ಗೆ ಮಾತಾಡಂಗಿಲ್ಲ!" ಎಂದರು. ಹೊಸಕೋಟೆಯ ಗಾಳಿ ನಿಜಕ್ಕೂ ಚೆನ್ನಾಗಿತ್ತೆಂದು ಹೇಳುವ ನನ್ನ ಹಕ್ಕು ಅಲ್ಲಿಗೆ ಮಣ್ಣುಪಾಲಾಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಧ್ವನಿ ಸ್ಪಷ್ಟ ಎಂದು ಹೊಗಳಿದೆ. ಸಲಹೆಯ ಜಾಗಕ್ಕೆ ಬಂದಾಗ, ಇದು ವಿಷಯವಲ್ಲ, ಬರೀ ಶೈಲಿ ಎಂಬಂತೆ ಗಂಭೀರವಾಗಿ, "ಸ್ಪರ್ಧೆಯಲ್ಲಿ ಯಜಮಾನರ ಭಾಗವನ್ನು ಕೈಬಿಟ್ಟರೆ ಭಾಷಣಕ್ಕೆ ಘನತೆ ಬರುತ್ತದೆ" ಎಂದೆ. ಸುಧಾ ತಲೆಯಾಡಿಸಿ ಬರೆದುಕೊಂಡಳು. ಮಾನ ಉಳಿಯಿತೆಂದುಕೊಂಡೆ.

ಆಮೇಲಿನ ದಿನಗಳಲ್ಲಿ ಆದದ್ದೇ ಬೇರೆ. ಬೇಕರಿಯಲ್ಲಿ ಕೂಟದ ಹೆಂಗಸೊಬ್ಬರು ತಮ್ಮ ಗಂಡನಿಗೆ ನನ್ನನ್ನು ತೋರಿಸಿ "ಇವರೇ ರೀ ಅವರು!" ಎಂದರು. ಆತ ಬಂದು ನನ್ನ ಕೈ ಕುಲುಕಿ, ತಾವೂ ಎಂದೂ ದಾರಿ ಕೇಳಿದವರಲ್ಲ ಎಂದು ಪಿಸುಗುಟ್ಟಿದರು. ಅನ್ವರ್ ಸಾಹೇಬರು ಫೋನ್ ಮಾಡಿ "ಸಾರ್, ನಿಮ್ಮ ಕತೆ ನಮ್ಮ ಗಿರಾಕಿಗಳಿಗೆಲ್ಲ ಹೇಳ್ದೆ. ನಕ್ಕಿದ್ದೇ ನಕ್ಕಿದ್ದು!" ಎಂದರು. ಇಷ್ಟು ವರ್ಷ ವಿಮರ್ಶೆ ಮಾಡಿದರೂ ಸಿಗದ ಹೆಸರು ದಾರಿ ತಪ್ಪಿದ್ದಕ್ಕೆ ಸಿಕ್ಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು.

ಸ್ಪರ್ಧೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲೇ ಕೂತೆ. ಸಭೆ ನನ್ನತ್ತ ತಿರುಗಿದಾಗ ಎಷ್ಟು ನಗಬೇಕೆಂದು ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ್ದೆ. ಸುಧಾ ವೇದಿಕೆ ಹತ್ತಿದಳು. ರೋಬೋ ಬಂತು, ಸೋಫಾ ಬಂತು. ನಾನು ನೆಟ್ಟಗೆ ಕೂತೆ. "ನಮ್ಮ ಮೇಲಿನ ಮನೆಯವರೊಬ್ಬರಿದ್ದಾರೆ…" ಎಂದು ಅವಳು ಮುಂದುವರಿಸಿದಳು. ಕೆಟ್ಟ ನಲ್ಲಿಯನ್ನು ತಾವೇ ರಿಪೇರಿ ಮಾಡಲು ಹೋಗಿ ಮನೆಯೆಲ್ಲ ನೀರು ಮಾಡಿ, ಹೇಗೂ ನೆಲ ತೊಳೆಯಬೇಕಿತ್ತು ಎಂದರಂತೆ ಆ ಮನುಷ್ಯ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮೊದಲ ಬಹುಮಾನವೂ ಬಂತು.

ಆಟೋದಲ್ಲಿ ಬಹುಮಾನದ ಕಪ್ಪನ್ನು ನನ್ನ ತೊಡೆಯ ಮೇಲಿಟ್ಟು ಸುಧಾ ಕೇಳಿದಳು: "ನೀವು ಹೇಳ್ದಂಗೆ ನಿಮ್ಮ ಭಾಗ ಬಿಟ್ಬಿಟ್ಟೆ ರೀ. ಘನತೆ ಬಂತಲ್ವಾ?"

"ಬಂತು" ಎಂದೆ. ಸಭೆಯನ್ನು ನಗಿಸುವುದಕ್ಕೆ ಮೇಲಿನ ಮನೆಯವನಿಗಿಂತ ನಾನು ಎಷ್ಟೋ ವಾಸಿ ಎಂದು ಯಾವ ಬಾಯಲ್ಲಿ ಹೇಳಲಿ?