ಸೋತ ಯುದ್ಧಗಳಿಗೆ ಹೊಣೆ ಯಾರು, ಭಾವ?

ಅಮೆರಿಕದ ಮೂವರು ಅಧ್ಯಕ್ಷರಿಗೆ ಯುದ್ಧದ ವಿಷಯದಲ್ಲಿ ನಾನು ಖುದ್ದಾಗಿ ಸಲಹೆ ಕೊಟ್ಟಿದ್ದೇನೆ. ಸುಳ್ಳು. ಟಿವಿ ಮುಂದೆ ಕೂತು ಕೊಟ್ಟಿದ್ದು, ಅದೂ ಸೌಂಡ್ ಆಫ್ ಮಾಡಿ. ಆದರೆ ಇನ್ನು ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಯಾವ ಮುಕ್ಕಾಲು ಅಂತ ನೀವೇ ಆರಿಸಿಕೊಳ್ಳಿ. ಸಿಯಾಟಲ್ ಸುತ್ತಮುತ್ತ ಮೂರು ಜನ ಕನ್ನಡದವರು ಟೀ ಮುಂದೆ ಕೂತರೆ ಇಂಥದ್ದು ಆಗುತ್ತಲೇ ಇರುತ್ತದೆ ಸ್ವಾಮಿ.

ಹೆಸರೆತ್ತಬಾರದು

ನಮ್ಮ ಶನಿವಾರದ ಕೂಟ ರೆಡ್ಮಂಡ್‌ನಲ್ಲಿ, ನಾವೀಗ ಕೂತಿರುವ ಇದೇ ಟೀ ಅಂಗಡಿಯಲ್ಲಿ. ಕಾಯಂ ಸದಸ್ಯರು ಮೂವರು. ಒಬ್ಬ ನಾನು. ಇನ್ನೊಬ್ಬ ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ. ರೆಂಟನ್‌ನಲ್ಲಿ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಇಂಜಿನಿಯರ್. ಮೈಸೂರಿನ ಹಾಸ್ಟೆಲ್ಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು, ಹಾಗಾಗಿ ನಮ್ಮದು ಏಕವಚನದ ಸಂಬಂಧ. ಮೂರನೆಯವರು ದಾವಣಗೆರೆ ಕಡೆಯವರು, ಸಾಫ್ಟ್‌ವೇರ್ ಮ್ಯಾನೇಜರ್.

ಅವತ್ತಿನ ಚರ್ಚೆ: ವಿಯೆಟ್ನಾಂ ಸೋಲಿಗೆ ಯಾವ ಅಧ್ಯಕ್ಷರನ್ನು ಬೈಯಬೇಕು?

ಭಾವ ಅಂದ, "ನಮ್ಮ ಕಾರ್ಖಾನೇಲಿ ಯಾವ ಬೋಲ್ಟ್ ಯಾರು ಬಿಗಿದರು ಅನ್ನೋದಕ್ಕೆ ಸಹಿ ಇರುತ್ತೆ ಕಣಯ್ಯ. ಯುದ್ಧಕ್ಕೂ ಇರಲೇಬೇಕು. ಹೆಸರು ಹೇಳಿ."

ಮ್ಯಾನೇಜರ್ ಎರಡೂ ಕೈ ಎತ್ತಿದರು. "ಹೆಸರೆತ್ತಂಗಿಲ್ಲರೀ! ನಮ್ಮ ಆಫೀಸ್ನಾಗೆ ಕಂಪ್ಯೂಟರ್ ಸರ್ವರ್ ಬಿದ್ರೆ ಯಾರು ಬೀಳಿಸಿದ್ರು ಅಂತ ಕೇಳಂಗಿಲ್ಲ. ಯಾಕೆ ಬಿತ್ತು ಅಂತ ಐದು ಸಲ ಕೇಳ್ಬೇಕು, ಅಷ್ಟೇ. ಕೇಳಿ ನೋಡಾಣ."

"ಸರಿ, ಯಾಕೆ ಸೋತ್ರು?" ಭಾವ ಶುರು ಮಾಡಿದ.

"ಗೆದ್ದಿದೀವಿ ಅಂತ ಯಾವಾಗ ಅನ್ಕೋಬೇಕು ಅನ್ನೋದೇ ತೀರ್ಮಾನ ಆಗಿರ್ಲಿಲ್ಲ."

"ಯಾಕೆ ಆಗಿರ್ಲಿಲ್ಲ?"

"ಗೆಲ್ಲಾಕೆ ಆಗ್ತಿಲ್ಲ ಅಂತ ಜನಕ್ಕೆ ಹೇಳಾಕೆ ಧೈರ್ಯ ಇರ್ಲಿಲ್ಲ."

"ಯಾಕಿರ್ಲಿಲ್ಲ?"

"ಎಲೆಕ್ಷನ್ ಇತ್ತಲ್ರೀ."

"ಯಾರ ಎಲೆಕ್ಷನ್?" ಭಾವ ಹಾರಿಬಿದ್ದ. "ಸಿಕ್ಕಿಬಿದ್ದ ನೋಡು ಅಧ್ಯಕ್ಷ!"

"ಯಾರು ಅನ್ನಂಗಿಲ್ಲ!" ಅಂತ ಮ್ಯಾನೇಜರ್ ಕೈ ಬೀಸಿದ ರಭಸಕ್ಕೆ ಟೀ ಗ್ಲಾಸು ನೆಲಕ್ಕೆ ಬಿದ್ದು ಚೂರುಚೂರು. ಅಂಗಡಿಯ ಯಜಮಾನಮ್ಮ ಗುಂಟೂರಿನವರು, ಬೆಂಗಳೂರಲ್ಲಿ ಹತ್ತು ವರ್ಷ ಇದ್ದು ಬಂದವರು. "ಯಾರು ಒಡೆದಿದ್ದು?" ಅಂದರು.

ಮ್ಯಾನೇಜರ್ ಗಂಭೀರವಾಗಿ, "ಅಮ್ಮಾ, ಯಾರು ಅಂತ ಕೇಳ್ಬಾರ್ದು. ಗ್ಲಾಸು ಟೇಬಲ್ ಅಂಚಿಗೆ ಯಾಕೆ ಬಂತು ಅಂತ ಕೇಳ್ಬೇಕು."

ಆಯಮ್ಮ ಒಳಗೆ ಹೋಗಿ ಪೊರಕೆ ತಂದು ಅವರ ಕೈಗೇ ಕೊಟ್ಟರು. "ಗುಡಿಸ್ತಾ ಗುಡಿಸ್ತಾ ಕೇಳ್ಕೊಳ್ಳಿ, ಐದು ಸಲ."

ಸೈನ್ಯ ವಾಪಸಾತಿ

ಮುಂದಿನ ಸಲ ಅಫ್ಘಾನಿಸ್ತಾನ. ಸ್ಥಳ, ಭಾವನ ಮನೆ. ನಾಲ್ವರು ಅಧ್ಯಕ್ಷರು: ಶುರು ಮಾಡಿದವರು, ಜಾಸ್ತಿ ಮಾಡಿದವರು, ಒಪ್ಪಂದ ಮಾಡಿಕೊಂಡವರು, ಕೊನೆಗೆ ವಿಮಾನ ಹತ್ತಿಸಿದವರು. ಯಾರ ತಪ್ಪು?

"ಶುರು ಮಾಡಿದವರದ್ದೇ," ಅಂದ ಭಾವ. "ಮುಗಿಸೋಕೆ ಪ್ಲಾನ್ ಇಲ್ಲದೆ ಯಾರಯ್ಯಾ ಶುರು ಮಾಡ್ತಾರೆ? ಎಷ್ಟು ದಿನ, ಎಷ್ಟು ಖರ್ಚು, ಯಾವತ್ತು ವಾಪಸ್, ಏನೂ ಲೆಕ್ಕ ಇಲ್ಲ. ನಾನಾಗಿದ್ರೆ..."

ಅಷ್ಟರಲ್ಲಿ ನನ್ನ ಹೆಂಡತಿ ಬಜ್ಜಿ ತಟ್ಟೆ ಹಿಡಿದು ಕಿಟಕಿ ಹತ್ತಿರ ನಿಂತಳು. ಹಿತ್ತಲಲ್ಲಿ ಭಾವ ಸ್ವಂತ ಕೈಯಿಂದ ಕಟ್ಟಲು ಹೊರಟಿದ್ದ ಮರದ ಡೆಕ್ಕು, ನಮ್ಮ ಜಗಲಿ ಥರ. ನಾಲ್ಕು ಕಂಬ, ಆರು ಹಲಗೆ, ಮೇಲೊಂದು ನೀಲಿ ಟಾರ್ಪಾಲು. ಹಲಗೆ ಮೇಲೆ ಪಾಚಿ ಹಿಡಿದು ಎರಡು ಮಳೆಗಾಲ ಆಗಿದೆ.

"ಅಣ್ಣ," ಅಂದಳು, "ಇದನ್ನ ಯಾವ ಅಧ್ಯಕ್ಷರ ಕಾಲದಲ್ಲಿ ಶುರು ಮಾಡಿದ್ದು?"

ಭಾವ ಬಜ್ಜಿ ನೋಡಿದ. ಅವನ ಹೆಂಡತಿ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು: "ಹಿಂದಿನವರ ಕಾಲದಲ್ಲಮ್ಮ. ಇವರೂ ಹೋಗ್ತಾರೆ, ಡೆಕ್ಕು ಇರುತ್ತೆ."

ಪ್ರಬಂಧದ ಪ್ರಶ್ನೆ

ಈಗ ನನ್ನ ಪಾಪದ ಕಥೆ. ಭಾವನಿಗೆ ಪೌರತ್ವದ ಸಂದರ್ಶನಕ್ಕೆ ಕಾಗದ ಬಂತು. ಇಪ್ಪತ್ತೊಂದು ವರ್ಷ ಕಾದಿದ್ದ. ನನ್ನದೂ ಅರ್ಜಿ ಹೋಗಿತ್ತು, ಸಂದರ್ಶನ ಅವನದಾದ ಮುಂದಿನ ತಿಂಗಳು. ನಾನು ಕೇಳಿದೆ, "ಪಾಸ್‌ಪೋರ್ಟಿಗಾ?"

"ಪಾಸ್‌ಪೋರ್ಟು ಯಾರಿಗೆ ಬೇಕು. ಇಷ್ಟು ವರ್ಷ ಇಲ್ಲಿ ಅನ್ನ ತಿಂದಿದೀನಿ, ಇವರ ಅಧ್ಯಕ್ಷರನ್ನೆಲ್ಲ ವೋಟಿಲ್ಲದೆ ಬೈದಿದೀನಿ. ಒಂದೇ ಒಂದು ಸಲ ವೋಟ್ ಹಾಕಿ ಬೈಬೇಕು ಕಣೋ. ಆಗ ಅದು ಮನೆಯವರನ್ನ ಬೈದ ಹಾಗೆ."

ಹೇಳುವಾಗ ಕಣ್ಣು ಒದ್ದೆ. ಒಳ್ಳೆ ಮನುಷ್ಯ ಆಗಿದ್ದರೆ ಬೆನ್ನು ತಟ್ಟುತ್ತಿದ್ದ. ನಾನು, "ಹೊಸ ರೂಲು ಗೊತ್ತಲ್ಲ? ಕೊನೇಲಿ ಪ್ರಬಂಧ ಇರುತ್ತೆ. ಸೋತ ಯುದ್ಧಗಳಿಗೆ ಯಾವ ನಾಯಕರು ಹೊಣೆ, ಕಾರಣ ಸಮೇತ," ಅಂದುಬಿಟ್ಟೆ.

ಸಂಜೆಯೊಳಗೆ ನಿಜ ಹೇಳೋಣ ಅಂತಲೇ ಇದ್ದೆ. ಸಂಜೆಗೆ ಅವನು ಲೈಬ್ರರಿಯಿಂದ ಹನ್ನೊಂದು ಪುಸ್ತಕ ತಂದಿದ್ದ. ಮರುದಿನ ತನ್ನ ಪಕ್ಕದ ಮನೆಯ ಅಜ್ಜನ ಹತ್ತಿರ ಹೋಗಿ ಕೂತ. ವಿಯೆಟ್ನಾಮಿಗೆ ಸೈನಿಕನಾಗಿ ಹೋಗಿಬಂದ ಬಿಳಿಯಜ್ಜ. ನಾವು ಬಂದ ಮೊದಲ ವರ್ಷ ನಮ್ಮಿಬ್ಬರಿಗೂ ಹಿಮದಲ್ಲಿ ಗಾಡಿ ಓಡಿಸೋದು ಕಲಿಸಿದವರು.

"ಯಾರನ್ನ ಬೈತಿದ್ರಿ ಸಾರ್, ಆವಾಗ?"

"ಹತ್ತೊಂಬತ್ತು ವರ್ಷ ನನಗೆ. ಅಡುಗೆಯವನನ್ನ ಬೈತಿದ್ದೆ," ಅಂದರಂತೆ ಅಜ್ಜ. ನಕ್ಕರಂತೆ. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, "ವಾಪಸ್ ಬಂದ ಮೇಲೆ ಕೂತು ಕೇಳಿದ ಮೊದಲನೇ ಮನುಷ್ಯ ನೀನು," ಅಂದರಂತೆ. ಮೂರು ಗಂಟೆ ಮಾತಾಡಿ, ಒಂದು ಚೀಲ ಪ್ಲಮ್ ಹಣ್ಣು ಕೊಟ್ಟು ಕಳಿಸಿದರು.

ಭಾವ ಅರ್ಧ ಚೀಲ ನನ್ನ ಕೈಗಿಟ್ಟ. "ಥ್ಯಾಂಕ್ಸ್ ಕಣೋ. ನೀನು ಹೇಳದೇ ಇದ್ದಿದ್ರೆ ಇದನ್ನೆಲ್ಲ ಕೇಳ್ತಾನೇ ಇರ್ಲಿಲ್ಲ."

ನಿಜ ಹೇಳಲು ಬಾಯಿ ತೆರೆದೆ. ಪ್ಲಮ್ ಹಾಕಿಕೊಂಡೆ.

ನಾಲ್ವತ್ತು ಪುಟ

ಸಂದರ್ಶನದ ದಿನ ನಾನೇ ಡ್ರೈವ್ ಮಾಡಿದೆ. ಅವನ ತೊಡೆ ಮೇಲೆ ನಾಲ್ವತ್ತು ಪುಟದ ಫೈಲು. ನಾವು ಮಾತಾಡಿದ್ದು ಎರಡು, ಪುಸ್ತಕದಲ್ಲಿ ಸಿಕ್ಕಿದ್ದು ಇನ್ನೊಂದು, ಒಟ್ಟು ಮೂರು ಯುದ್ಧ, ಬಣ್ಣಬಣ್ಣದ ಚಾರ್ಟು. ಇಪ್ಪತ್ತೊಂದು ವರ್ಷ ಕಾದವನು ಆಫೀಸರ ಮುಂದೆ ಅಧ್ಯಕ್ಷರನ್ನು ಬೈದು ಅರ್ಜಿ ಕೆಡಿಸಿಕೊಂಡರೆ? ಪಾರ್ಕಿಂಗಿನಲ್ಲಿ ಕೈ ಹಿಡಿದುಕೊಂಡು ಹೇಳಿಬಿಟ್ಟೆ: "ಭಾವ, ಅದು ಸುಳ್ಳು. ಪ್ರಬಂಧ ಗಿಬಂಧ ಏನಿಲ್ಲ. ಫೈಲು ಇಲ್ಲೇ ಬಿಡು, ನಿನ್ನ ಕಾಲಿಗೆ ಬೀಳ್ತೀನಿ."

ಅವನು ನನ್ನ ಮುಖ ನೋಡಿ ನಕ್ಕ. "ಕೊನೇ ಗಳಿಗೇಲಿ ಫೈಲ್ ಬಿಡಿಸಿ ಫೇಲ್ ಮಾಡಿಸ್ಬೇಕು ಅಂತ ಇದೀಯ? ನೀನು ನನಗೆ ನಿಜ ಹೇಳಿದ್ದು ಯಾವಾಗಯ್ಯಾ?" ಫೈಲು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಹೋದ.

ಬೇರೆಯವರು ಕಾಲು ಗಂಟೆಯಲ್ಲಿ ಹೊರಗೆ. ಇವನು ಮುಕ್ಕಾಲು ಗಂಟೆ. ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ.

ಬಂದವನೇ ಮೆಟ್ಟಿಲ ಮೇಲೆ ಕೂತು ಹೇಳಿದ. ಆಫೀಸರಮ್ಮ ನಿಜವಾಗಿಯೂ ಕೇಳಿದ್ದರು: "ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಯಾಕೆ ಇಳಿಯಿತು?" ಇವನು ಫೈಲು ಬಿಚ್ಚಿ, "ಚಾರ್ಟ್ ಸಮೇತ ಹೇಳ್ಲಾ ಮೇಡಂ?" ಅಂದ. ಅವರು, "ಮೊದಲು ಒಂದು ಸಾಲಲ್ಲಿ ಹೇಳಿ, ಪಾಸಾಗಿ," ಅಂದರು. "ಕಮ್ಯುನಿಸಂ ಹರಡದ ಹಾಗೆ ತಡೆಯೋಕೆ," ಅಂದ. ಪಾಸಾದ. ಆಮೇಲೆ ಅವರು ಪೆನ್ನು ಕೆಳಗಿಟ್ಟು, "ಈಗ ಚಾರ್ಟ್ ತೋರಿಸಿ. ನಾನು ಹುಟ್ಟಿದ್ದು ವಿಯೆಟ್ನಾಮಿನ ಸೈಗಾನಿನಲ್ಲಿ. ಹೊಣೆ ಇಲ್ಲಿನ ನಾಯಕರದ್ದು ಅಂತ ನಮ್ಮಪ್ಪ, ಅಲ್ಲಿನವರದ್ದು ಅಂತ ಚಿಕ್ಕಪ್ಪ. ಹೊಸ ವರ್ಷಕ್ಕೆ ಇವತ್ತಿಗೂ ಒಂದೇ ಟೇಬಲ್ಲಿಗೆ ಕೂರಲ್ಲ," ಅಂದರಂತೆ.

"ನೀನೇನಂದೆ?"

"ಇಬ್ಬರದ್ದೂ ಹೌದು ಅಂದೆ. ಹೊರಡುವಾಗ ಕೈ ಕುಲುಕಿದ್ರು. ಸರ್ಕಾರಿ ಆಫೀಸಲ್ಲಿ ಕೂತು ಅಧ್ಯಕ್ಷರ ತಪ್ಪು ಎಣಿಸಿದೆ ಕಣೋ, ಪಾಸ್ ಮಾಡಿ ಕಳಿಸಿದ್ರು. ಎಂಥ ದೇಶ!" ಅಂದು ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ. ಇದು ನಿಜದ ಮುಕ್ಕಾಲಲ್ಲಿ ಸೇರಿದ್ದು.

"ಇನ್ನೊಂದು," ಅಂದ ಭಾವ. "ಪ್ರಬಂಧ ಇದೆ ಅಂತ ನಿಮಗೆ ಯಾರು ಹೇಳಿದ್ರು ಅಂತ ಮೇಡಂ ಕೇಳಿದ್ರು. ನಿನ್ನ ಹೆಸರು ಹೇಳಿದೆ. 'ಅವರ ಇಂಟರ್ವ್ಯೂ ಮುಂದಿನ ತಿಂಗಳಾ? ಆಗ ನಾನೇ ಇರ್ತೀನಿ, ಮೂರೂ ಯುದ್ಧ ಕೇಳ್ತೀನಿ, ಓದ್ಕೊಂಡು ಬರೋಕೆ ಹೇಳಿ,' ಅಂದ್ರು."

ನನ್ನ ಸರದಿ

ಒಂದು ತಿಂಗಳು ಸ್ವಾಮಿ! ಆ ಹನ್ನೊಂದು ಪುಸ್ತಕವನ್ನೂ ಓದಿದೆ. ಟಿಪ್ಪಣಿ ಮಾಡಿದೆ. ಮ್ಯಾನೇಜರ್ ಮುಂದೆ ಮೂರು ಶನಿವಾರ ಮಾಕ್ ಇಂಟರ್ವ್ಯೂ. ಬಿಳಿಯಜ್ಜನ ಹತ್ತಿರ ನಾನೂ ಹೋಗಿ ಕೂತೆ, ಇನ್ನೊಂದು ಚೀಲ ಪ್ಲಮ್ಮು. ಐವತ್ತೆರಡು ಪುಟದ ಫೈಲು ಹಿಡಿದು ಒಳಗೆ ಹೋದರೆ, ಕೂತಿದ್ದು ಯಾರೋ ಎಳೆ ಮೀಸೆಯ ಹುಡುಗ. ರಾಜಧಾನಿ ಯಾವುದು, ಧ್ವಜದಲ್ಲಿ ನಕ್ಷತ್ರ ಯಾಕೆ ಐವತ್ತು. ಎಂಟೇ ನಿಮಿಷ.

"ಮುಗೀತು, ಪಾಸು," ಅಂದ.

"ಯುದ್ಧ?" ಅಂದೆ.

"ಯಾವ ಯುದ್ಧ?"

"ಸೋತಿದ್ದು. ಯಾರು ಹೊಣೆ ಅನ್ನೋದು. ಇಲ್ಲಿ ಒಬ್ಬರು ಮೇಡಂ ಇದಾರಲ್ಲ, ಅವರು ಕೇಳ್ತೀನಿ ಅಂದಿದ್ರು..."

ಹುಡುಗ ಫೈಲು ನೋಡಿದ, ನನ್ನ ನೋಡಿದ. "ಸಾರ್, ಅಂಥ ಪ್ರಶ್ನೆ ನಾವು ಯಾರನ್ನೂ ಕೇಳಲ್ಲ. ನಿಮಗೆ ಹೇಳಿದ್ದು ಯಾರು?"

ಹೊರಗೆ ಬಂದರೆ ಪಾರ್ಕಿಂಗಿನಲ್ಲಿ ಭಾವ, ಅವನ ಹೆಂಡತಿ, ನನ್ನ ಹೆಂಡತಿ, ಮ್ಯಾನೇಜರ್, ಕೋಲೂರಿಕೊಂಡು ಬಿಳಿಯಜ್ಜ ಕೂಡ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಭಾವ ಕಾರಿನ ಬಾನೆಟ್ ಮೇಲೆ ಮಲಗಿಯೇಬಿಟ್ಟಿದ್ದಾನೆ.

"ಮೇಡಂ ಹಾಗಂದಿರ್ಲೇ ಇಲ್ಲ ಕಣೋ!" ಅಂದ. "ನನ್ನ ಜೀವನದ ಮೊದಲನೇ ಸುಳ್ಳು. ನಾನು ಪಾಸಾಗೋವರೆಗೂ ಕಾದು ಆಮೇಲೆ ಹೇಳಿದ್ದು!"

ಇಷ್ಟು ಜನ ಕೆಲಸಕ್ಕೆ ರಜಾ ಹಾಕಿ ಒಬ್ಬನನ್ನು ನೋಡಿ ನಗೋಕೆ ಬಂದಿದ್ದಾರೆ ಅಂದರೆ, ನಾನು ಕೈಮುಗಿಯಬೇಕಲ್ಲವೇ? ಮುಗಿದೆ. ಫೈಲು ಈಗಲೂ ಕಾರಲ್ಲೇ ಇದೆ. ಸೋತ ಮೂರು ಯುದ್ಧಕ್ಕೂ ಹೊಣೆ ಯಾರು ಅಂತ ಇಡೀ ವಾಷಿಂಗ್ಟನ್ ರಾಜ್ಯದಲ್ಲಿ ಖಚಿತವಾಗಿ ಗೊತ್ತಿರೋನು ನಾನೊಬ್ಬನೇ. ಹೇಳ್ತೀನಿ ಬನ್ನಿ. ಆದರೆ ಪರ್ಸು ಮನೇಲಿ ಬಿಟ್ಟು ಬಂದಿದೀನಿ, ಈ ಟೀ ನೀವೇ ಕೊಟ್ಟುಬಿಡಿ.