ಮಾಮಾ ಮತ್ತು ಮುನಿಸಿಕೊಂಡ ಫೈಲುಗಳು

ನಮ್ಮ ಸೋದರಮಾವನಷ್ಟು ಮದುವೆ ನೋಡಿದವರು ಶಿಗ್ಗಾಂವ ತಾಲೂಕಿನಲ್ಲೇ ಇಲ್ಲ. ಅವನಷ್ಟು ಮದುವೆ ಕೆಡಿಸಿದವರೂ ಇಲ್ಲ! ಗಾಬರಿಯಾಗಬೇಡಿ, ಕೆಡಿಸುವುದು ಕ್ಯಾಮೆರಾದಲ್ಲಿ ಮಾತ್ರ. ಮದುವೆಯ ವಿಡಿಯೋ ತೆಗೆಯುವುದು ಅವನ ಉದ್ಯೋಗ. ಅದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವುದು ಸೋದರಸೊಸೆಯಾದ ನನ್ನ ಕರ್ಮ. ಅವನ ಮನೆಯ ಪಡಸಾಲೆಯೇ ನಮ್ಮ ಸ್ಟುಡಿಯೋ. ಎಡಿಟಿಂಗ್ ಸಾಫ್ಟ್‌ವೇರ್ ಅಂದರೆ ಅವನ ಪಾಲಿಗೆ ಗಂಡಿನ ಕಡೆಯ ಬೀಗರು. ಅದು ಯಾವುದಾದರೂ ಫೈಲನ್ನು ಒಳಗೆ ಬಿಟ್ಟುಕೊಳ್ಳಲಿಲ್ಲವೋ, "ಸಿಟ್ಟಾಗೇತಿ. ಇನ್ನೊಮ್ಮೆ ಮರ್ಯಾದಿಂದ ಕರಿಯವಾ" ಎನ್ನುತ್ತಾನೆ. ಮರ್ಯಾದೆಯಿಂದ ಕ್ಲಿಕ್ ಮಾಡುವುದು ಹೇಗೆ? ನೀವೇ ಹೇಳಿ!

ಒಮ್ಮೆ ಸವಣೂರಿನ ಗಿರಾಕಿಯೊಬ್ಬರು ತಮ್ಮ ಫೋನಿನಲ್ಲಿ ತೆಗೆದ ವಿಡಿಯೋ ಕೊಟ್ಟಿದ್ದರು. ಹಾಕಿದರೆ ದನಿ ಬರುತ್ತದೆ, ಚಿತ್ರವಿಲ್ಲ. ಇದು ಹೊಸ ನಮೂನೆಯ ಫೈಲು, ನಮ್ಮ ಹಳೇ ಸಾಫ್ಟ್‌ವೇರಿಗೆ ತಿಳಿಯುವುದಿಲ್ಲ, ಬದಲಿಸಬೇಕು ಎಂದೆ. ಒಳಗೆ ಹೋಗಿ ಅತ್ತೆ ಕೊಟ್ಟ ಚಹಾ ಕುಡಿದು ಬರುವಷ್ಟರಲ್ಲಿ ಮಾಮಾ ಬದಲಿಸಿಯೇಬಿಟ್ಟಿದ್ದ. ಏನನ್ನು? ಫೈಲಿನ ಹೆಸರಿನ ಕೊನೆಗೆ ಚುಕ್ಕಿಯ ಮುಂದಿರುವ ಮೂರಕ್ಷರಗಳನ್ನು! ಈಗ ದನಿಯೂ ಹೋಗಿತ್ತು.

"ಹೆಸರು ಬದಲಿಸಿದ್ರ ಒಳಗಿಂದು ಬದಲಾಕ್ಕೈತೇನ್ ಮಾಮಾ?"

"ಯಾಕಾಗೂದಿಲ್ಲ? ಹೆಣಮಗಳು ಗಂಡನ ಮನಿಗೆ ಹ್ವಾದ ಮ್ಯಾಲ ಅಡ್ಡಹೆಸರು ಬದಲಾಗೂದಿಲ್ಲೇನು?"

"ಅಡ್ಡಹೆಸರು ಬದಲಾಕ್ಕೈತಿ. ಸ್ವಭಾವ?"

ಮಾಮಾ ಅಡುಗೆಮನೆಯ ಕಡೆ ಒಮ್ಮೆ ನೋಡಿದ. "ಅದೂ ಖರೇನ" ಎಂದು ದನಿ ತಗ್ಗಿಸಿದ.

ಇನ್ನೊಮ್ಮೆ ಕೆಲಸದ ನಟ್ಟನಡುವೆ ಎದ್ದು, ಊಟ ಮಾಡಿ ಒಂದು ನಿದ್ದೆ ತೆಗೆದು ಬಂದರೆ ನನ್ನ ಪರದೆಯ ತುಂಬ ಕೆಂಪು ಪಟ್ಟಿ; ಒಂದು ಫೈಲೂ ಸಿಗುತ್ತಿಲ್ಲ ಎಂದು ಕಂಪ್ಯೂಟರ್ ಬೊಬ್ಬೆ ಹೊಡೆಯುತ್ತಿದೆ. ಫೈಲುಗಳನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳದೆ ಕ್ಯಾಮೆರಾದ ಕಾರ್ಡಿನಿಂದಲೇ ನೇರವಾಗಿ ಕೆಲಸಕ್ಕೆ ಕೂತದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಕಾರ್ಡು ಎಲ್ಲಿ? ಫೋನ್ ಮಾಡಿದೆ.

"ಇಲ್ಲೇ ಹಾನಗಲ್ಲಾಗ ಐತಿ, ನನ್ನ ಕಿಸೇದಾಗ."

"ಯಾಕ ತಗೊಂಡು ಹೋದಿ ಮಾಮಾ?"

"ನಿನ್ನೇನ ಒಳಗ ತಗೊಂಡಿಯಲ್ಲ! ಉಂಡ ಮ್ಯಾಲ ತಾಟು ಎತ್ತಿದ್ರ ಹೊಟ್ಟ್ಯಾಗಿನ ಊಟ ಹೋಗತೈತೇನು?"

ಕಂಪ್ಯೂಟರಿಗೆ ಹೊಟ್ಟೆಯಿಲ್ಲ, ಅದು ಕೊನೆಯತನಕ ತಾಟು ನೋಡಿಕೊಂಡೇ ಇರುತ್ತದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಫೋನಿನ ಚಾರ್ಜು ಮುಗಿದಿತ್ತು.

ಹೋದ ತಿಂಗಳು ತಡಸದಲ್ಲೊಂದು ಮದುವೆಯಾಯಿತು. ನಾಲ್ಕೇ ದಿನಕ್ಕೆ ಹುಡುಗಿಯ ತಾಯಿ ಬಂದು ಎದುರಿಗೆ ಕೂತರು.

"ಹೆಣ್ಣೊಪ್ಪಿಸೂ ಹೊತ್ತಿಗೆ ನನಗ ಬಿಪಿ ಏರಿತ್ರಿ. ಒಳಗ ಮಲಗಿಸಿ ಬಾಗಲಾ ಮುಚ್ಚಿದ್ರು. ಮಗಳು ಕಾರ್ ಹತ್ತಿದ್ದು ನಾ ನೋಡಲೇ ಇಲ್ಲ. ಉಳಿದದ್ದು ಯಾವಾಗರ ಕೊಡ್ರಿ, ಅದೊಂದು ಲಗೂನ ತೋರಸ್ರಿ."

ಸರಿಯಾಗಿ ಅದೇ ಫೈಲು ಒಳಗೆ ಬರಲೊಲ್ಲದು! ಗಾತ್ರ ನೋಡಿದರೆ ಎಲ್ಲಕ್ಕಿಂತ ದೊಡ್ಡದು, ಒತ್ತಿದರೆ ಎಲ್ಲೂ ಓಡುವುದಿಲ್ಲ. ಆಗ ಹೊಳೆಯಿತು. ಪ್ರತಿ ಮದುವೆಯಲ್ಲೂ ಕೈಕೊಟ್ಟದ್ದು ಹೆಣ್ಣೊಪ್ಪಿಸುವ ಫೈಲೇ! ಇಷ್ಟು ದಿನ ನಾನು ಅಲ್ಲಿ ಫೋಟೋ ಜೋಡಿಸಿ, ಶಹನಾಯಿ ಹಾಕಿ ಸಾಗಹಾಕಿದ್ದೆ. ಮಾಮಾನನ್ನು ಹಿಡಿದು ಕೂರಿಸಿದೆ.

"ಕೊನೀಗೆ ನಿಲ್ಲಿಸೂ ಬಟನ್ ಒತ್ತೀಯೋ ಇಲ್ಲೋ?"

"ಬ್ಯಾಟರಿ ತಗೀತೇನಿ. ತಾನ ನಿಂದರತೈತಿ!"

ಹೂಮಾಲೆ ಕಟ್ಟಿ ಕೊನೆಯ ಗಂಟು ಹಾಕದೆ ಬಿಟ್ಟಂತಾಗಿತ್ತು. ಬಟನ್ ಒತ್ತಿದರೇನೇ ಕ್ಯಾಮೆರಾ ಫೈಲನ್ನು ಸರಿಯಾಗಿ ಮುಗಿಸುವುದು. ಇದಕ್ಕೊಂದು ಮದ್ದಿದೆ: ಅದೇ ಕ್ಯಾಮೆರಾದಲ್ಲಿ ಇನ್ನೊಂದು ಒಳ್ಳೆಯ ವಿಡಿಯೋ ತೆಗೆದುಕೊಟ್ಟರೆ, ಅದರ ಮಾದರಿ ನೋಡಿ ಕೆಟ್ಟದ್ದನ್ನು ರಿಪೇರಿ ಮಾಡುವ ಸಾಫ್ಟ್‌ವೇರ್ ಸಿಗುತ್ತದೆ. ಮಾಮಾ ಖುಷಿಯಿಂದ ಎರಡು ನಿಮಿಷದ ಮಾದರಿ ತೆಗೆದ. ಎರಡೂ ನಿಮಿಷ ನಾನು ಅವನನ್ನು ಬೈಯುತ್ತಿರುವುದೇ ಇದೆ, ಬಹಳ ಸ್ಪಷ್ಟವಾಗಿ!

ಸಂಜೆಗೆ ಫೈಲು ತೆರೆಯಿತು. ಹುಡುಗಿ ಮುಚ್ಚಿದ ಬಾಗಿಲಿಗೆ ಹಣೆ ಹಚ್ಚಿ, "ಯವ್ವಾ, ಹೋಗಿ ಬರ್ತೇನಿ" ಎನ್ನುತ್ತಾಳೆ. ಕಾರಿನ ತನಕ ಮೂರು ಸಲ ತಿರುಗಿ ನೋಡುತ್ತಾಳೆ. ಚಿತ್ರ ನಡುಗುತ್ತದೆ. ಮೈಕಿನ ತೀರ ಹತ್ತಿರ ಯಾರೋ ಗಂಡಸು ಬಿಕ್ಕಿ ಬಿಕ್ಕಿ ಅಳುವ ಸದ್ದು. ಆಮೇಲೆ ನೆಲ, ಒಂದು ಚಪ್ಪಲಿ, ಕತ್ತಲೆ.

ನಾನು ಮಾಮಾನ ಮುಖ ನೋಡಿದೆ.

"ಕಣ್ಣಾಗ ನೀರು ತುಂಬಿದ್ರ ಅಷ್ಟ ಸಣ್ಣ ಬಟನ್ ಎಲ್ಲಿ ಕಾಣತೈತ್ಯವಾ?" ಎಂದ. "ಬ್ಯಾಟರಿ ಆದ್ರ ಕೈಗೆ ಸಿಗತೈತಿ."

ಇಷ್ಟು ವರ್ಷ ಬೈದದ್ದಕ್ಕೆ ನನಗೆ ನಿಜವಾಗಿ ನಾಚಿಕೆಯಾಯಿತು.

ಮರುದಿನ ತಡಸದಿಂದ ಆ ತಾಯಿ ಬಂದರು. ಒಮ್ಮೆ ನೋಡಿದರು, ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು. "ಈ ಅಳೂ ದನಿ ಯಾರದ್ರಿ?" ಎಂದು ಕೇಳಿದರು. ಮಾಮಾ ಗೋಡೆಯ ಕಡೆ ತಿರುಗಿ ವೈರು ಸುತ್ತತೊಡಗಿದ.

"ನಮ್ಮ ಮಾಮಾಂದ್ರಿ. ಚಿಂತಿ ಮಾಡಬ್ಯಾಡ್ರಿ, ಆ ದನಿ ತಗದು ಶಹನಾಯಿ ಹಾಕಿ ಕೊಡ್ತೇನಿ" ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು.

"ತಗೀಬ್ಯಾಡವಾ. ನಾ ಅಲ್ಲಿರಲಿಲ್ಲ. ನನ್ನ ಪಾಲಿಂದು ಈ ಅಣ್ಣಾರು ಅತ್ತಾರ."